'ತಲ್ಲೀನ' ಒಂದೇ ಸಾಕಾ? ಅನುವಾದ ಮಾಡಿದವರು ಅನುಭವ ಹೇಳಿ

ಹೊಸ ಅನುವಾದಕಿ: ಕೈಯಲ್ಲಿರುವ ಇಂಗ್ಲಿಷ್ ಕಥೆಯಲ್ಲಿ 'ಅಬ್ಸಾರ್ಬ್ಡ್' (ಒಂದರಲ್ಲೇ ಮನಸ್ಸಿಟ್ಟು ಮುಳುಗಿದ) 9 ಸಲ ಬಂದಿದೆ. ಮಗು ಆಟದಲ್ಲಿ, ಅಜ್ಜ ಪತ್ರಿಕೆಯಲ್ಲಿ, ಗಂಡ ಸತ್ತ ಹೆಂಗಸು ದುಃಖದಲ್ಲಿ. ಎಲ್ಲ ಕಡೆ 'ತಲ್ಲೀನ' ಹಾಕಿದ್ದೇನೆ. ನಡೆಯುತ್ತಾ?

ಕರಡು ತಿದ್ದುವವ: ದುಃಖದಲ್ಲಿ ಯಾರಾದರೂ ತಲ್ಲೀನರಾಗ್ತಾರಾ? ತದ್+ಲೀನ, ಅದರೊಳಗೇ ಕರಗಿದವರು. ಆ ಕರಗುವಿಕೆಯಲ್ಲಿ ಸುಖ ಇರಬೇಕು. ಮಗ್ನ ಬಂದಿದ್ದು 'ಮಜ್ಜ್' ಧಾತುವಿನಿಂದ, ಅಂದರೆ ಮುಳುಗು. ಮುಳುಗೋಕೆ ಇಷ್ಟ ಬೇಕಿಲ್ಲ. ಹಾಗಾಗಿ ಶೋಕಮಗ್ನ, ಚಿಂತಾಮಗ್ನ. ನಿರತ ಇನ್ನೂ ತೆಳು. ಕಾರ್ಯನಿರತ ಪತ್ರಕರ್ತ ಅಂದರೆ ಕೆಲಸದಲ್ಲಿರುವವನು, ಲೋಕ ಮರೆತವನಲ್ಲ. ನನ್ನ ಮೇಜಿಗೆ ಬರೋ ಕರಡುಗಳಲ್ಲಿ 'ತಲ್ಲಿನ', 'ಏಕಾಗ್ರಹತೆ' ತಿದ್ದಿ ತಿದ್ದಿ ಸಾಕಾಗಿದೆ. ಈಚೆಗೆ 'ವ್ಯಸ್ತ' ಬೇರೆ. ಅದು ಹಿಂದಿಯಲ್ಲಿ ಬಿಡುವಿಲ್ಲದವನು, ನಮ್ಮಲ್ಲಿ ಅಸ್ತವ್ಯಸ್ತದ ಬಾಲ.

ಅಚ್ಚಗನ್ನಡ: ಸಂಸ್ಕೃತದ ಅಂಗಡಿಗೇ ಯಾಕೆ ಹೋಗ್ತೀರಿ? ಆಟಕ್ಕೆ 'ಮೈಮರೆ' ಸಾಕು. ಎಚ್ಚರ ಇಷ್ಟೇ: ಕಾವಲುಗಾರ ಮೈಮರೆತ ಅಂದರೆ ಅದು ತಪ್ಪಿನ ಮಾತು, ಕಳ್ಳ ಬಂದೇ ಬರ್ತಾನೆ. 'ಮುಳುಗು' ಕೂಡ ಹಾಗೇ. 'ಕೆಲಸದಲ್ಲಿ ಮುಳುಗಿದ್ದ' ಸರಿ, ಬರೀ 'ಮುಳುಗಿಹೋದ' ಅಂದರೆ ದಿವಾಳಿಯಾದ ಅಂದುಕೊಂಡು ಓದುಗ ಸಾಲ ಕೊಟ್ಟವರನ್ನು ಹುಡುಕ್ತಾನೆ. ನಾನಂತೂ 'ಓದುಮಗ್ನ' ಅಂತಲೂ ಬರೆದಿದ್ದೇನೆ, ಯಾರೂ ಸಾಯಲಿಲ್ಲ.

ಪಂಚಮಾತ್ರೆ: ಪದ್ಯಕ್ಕೆ ಅರ್ಥ ಮಾತ್ರ ನೋಡಿದರೆ ಆಗಲ್ಲ. ಮಗ್ನ 3 ಮಾತ್ರೆ, ತನ್ಮಯ 4, ತಲ್ಲೀನ 5. 'ತಲ್ಲೀನನಾಗಿ' ಅಂದ ಕೂಡಲೇ 8, ಐದರ ಗಣ ಒಡೀತು. 'ಮೈಮರೆತು' ಸರಿಯಾಗಿ 5, ಜೋಡಿಸೋದೇ ಬೇಡ. ಕೇಳುಗ, ನೋಡುಗರಿಗೆ ತನ್ಮಯವೇ ಒಪ್ಪುತ್ತೆ. ಕಾವ್ಯಮೀಮಾಂಸಕ ಅಭಿನವಗುಪ್ತ ಸಹೃದಯನಿಗೆ, ಅಂದರೆ ರಸಿಕನಿಗೆ, ಹೇಳಿದ್ದೂ ತನ್ಮಯೀಭವನವನ್ನೇ, ತನ್ಮಯನಾಗುವುದನ್ನೇ.

ಧಾರವಾಡದಾಕಿ: ನಿಮ್ಮ ಮಾತ್ರೆ ಲೆಕ್ಕ ಇರಲಿ. 'ಗುಂಗು' ಯಾರಿಗೂ ನೆನಪಾಗ್ಲಿಲ್ಲಲ್ರೀ? ಹಾಡು ಮುಗದ ಮ್ಯಾಲೂ ಉಳಿಯೋದು ಗುಂಗು, ಹಾಡ ಕೇಳೂವಾಗ ಇರೋದು ತನ್ಮಯತೆ. ಅದಲು ಬದಲು ಮಾಡಿದ್ರ ಕಾಲಾನ ಕೆಡತೈತಿ. 'ನಾದ' ಬ್ಯಾರೆ, ನಮ್ಮ ಕಡೆ ಅಂದ್ರ ಚಟ: ಇಸ್ಪೀಟಿನ ನಾದಿಗೆ ಬಿದ್ದ ಅಂದ್ರ ಮನಿ ಕೆಟ್ಟಂಗ. 'ಗೀಳು' ಅದರ ತಂಗಿ.

ಕರಡು ತಿದ್ದುವವ: 'ಓದುಮಗ್ನ' ಅಪ್ಪಟ ಅರಿಸಮಾಸ, ಕನ್ನಡ-ಸಂಸ್ಕೃತ ಬೆರೆಸಿದ ತಪ್ಪು ಸಮಾಸ. ಕನ್ನಡದ ಓದು, ಸಂಸ್ಕೃತದ ಮಗ್ನ. 'ಓದಿನಲ್ಲಿ ಮಗ್ನ' ಅಂತ ವಿಭಕ್ತಿ ಇಟ್ಟು ಬಿಡಿಸಿ ಬರೆದರೆ ಏನು ನಷ್ಟ? 'ಶಬ್ದಮಣಿದರ್ಪಣ' ಎಂಬ ವ್ಯಾಕರಣ ಬರೆದ ಕೇಶಿರಾಜ ಬಿರುದುಗಳಿಗೆ ವಿನಾಯಿತಿ ಕೊಟ್ಟಿದ್ದಾನೆ, ನಿಮಗಲ್ಲ.

ಅಚ್ಚಗನ್ನಡ: ಕೇಶಿರಾಜ 13ನೇ ಶತಮಾನದವನು. 'ಚಕ್ರಬಡ್ಡಿ' ಕಟ್ಟುವಾಗ ಬ್ಯಾಂಕಿಗೆ ಹೋಗಿ ಅರಿಸಮಾಸ ಅಂತ ಜಗಳ ಆಡ್ತೀರಾ?

ಹೊಸ ಅನುವಾದಕಿ: ಅಜ್ಜನ ಪತ್ರಿಕೆಗೆ ಏನು ಹಾಕಲಿ, ಅದನ್ನಾದರೂ ಹೇಳಿ.

ಧಾರವಾಡದಾಕಿ: ವಿಶೇಷಣಾನ ತಗೀರಿ. 'ಎರಡು ಸಲ ಕರೆದರೂ ಅಜ್ಜ ಪತ್ರಿಕೆಯಿಂದ ತಲೆ ಎತ್ತಲಿಲ್ಲ.' 9ರಾಗ 4 ಕಡೆ ಹಿಂಗ ಕ್ರಿಯಾಪದದಾಗ ಮುಗೀತಾವ.

ಕರಡು ತಿದ್ದುವವ: ಚಕ್ರಬಡ್ಡಿ ರೂಢಿಗೆ ಬಿದ್ದ ಪದ. ಓದುಮಗ್ನ ನಿಮ್ಮೊಬ್ಬರ ರೂಢಿ.

ಅಚ್ಚಗನ್ನಡ: ರೂಢಿ ಶುರುವಾಗೋದು ಒಬ್ಬರಿಂದಲೇ ಸ್ವಾಮಿ.