ಪತ್ರಿಕೆಯ ತಪ್ಪಿಗೆ ಎರಡು ಸಾಲಿನ ತಿದ್ದುಪಡಿ ಸಾಕೇ?

ಪ್ರಶ್ನೆ: ಅರಕಲಗೂಡು ತಾಲ್ಲೂಕಿನ ಓದುಗ

ಎಲ್ಲರಿಗೂ ನಮಸ್ಕಾರ. ನಾನು ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘದ ನಿರ್ದೇಶಕರಲ್ಲಿ ಒಬ್ಬ. ಕಳೆದ ತಿಂಗಳು ಒಂದು ದಿನಪತ್ರಿಕೆಯ ಜಿಲ್ಲಾ ಪುಟದಲ್ಲಿ, ನಮ್ಮ ಡೇರಿಗೆ ಬಂದ ಹಾಲಿನಲ್ಲಿ ಕಲಬೆರಕೆ ಪತ್ತೆಯಾಗಿದೆ ಎಂಬ ಸುದ್ದಿ ಮೂರು ಕಾಲಂ ತಲೆಬರಹದೊಂದಿಗೆ ಪ್ರಕಟವಾಯಿತು. ಘಟನೆ ನಡೆದದ್ದು ನಿಜ, ಆದರೆ ಅದು ನಡೆದದ್ದು ನಮ್ಮೂರಿನ ಹೆಸರೇ ಇರುವ, ಬೇರೆ ಹೋಬಳಿಯ ಇನ್ನೊಂದು ಹಳ್ಳಿಯಲ್ಲಿ. ಒಂದೇ ಹೆಸರಿನ ಊರುಗಳು ನಮ್ಮ ಜಿಲ್ಲೆಯಲ್ಲಿ ಎಷ್ಟಿವೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ವರದಿಯಲ್ಲಿ ತಪ್ಪಿದ್ದದ್ದು ಹೋಬಳಿಯ ಹೆಸರು ಮಾತ್ರ. ಆ ಒಂದು ಪದದಿಂದ ನಮ್ಮ ಸಂಘಕ್ಕೆ ಹಾಲು ಹಾಕುವ ಮನೆಗಳೆಲ್ಲ ತಲೆ ತಗ್ಗಿಸುವಂತಾಯಿತು.

ನಾವು ಫೋನ್ ಮಾಡಿದ ಮೇಲೆ, ಐದನೆಯ ದಿನ, ಒಳಪುಟದ ಜಾಹೀರಾತುಗಳ ಕೆಳಗೆ ಎರಡು ಸಾಲು ಬಂದವು. ಪ್ರಮಾದವಶಾತ್ ಇಂಥ ಹೋಬಳಿ ಎಂದು ಅಚ್ಚಾಗಿದ್ದು, ಅದನ್ನು ಇಂಥ ಹೋಬಳಿ ಎಂದು ಓದಿಕೊಳ್ಳಬೇಕು ಎಂಬುದಷ್ಟೇ ಅದರಲ್ಲಿತ್ತು. ಯಾವ ಸುದ್ದಿಯ ಬಗ್ಗೆ ಈ ಮಾತು ಎಂಬುದೇ ಅದರಲ್ಲಿರಲಿಲ್ಲ. ಮೊದಲಿನ ಸುದ್ದಿಯ ಫೋಟೋ ಮಾತ್ರ ಇಂದಿಗೂ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಬೆಳಿಗ್ಗೆ ಡೇರಿಯಿಂದಲೇ ಹಾಲು ಕೊಳ್ಳುತ್ತಿದ್ದ ಕೆಲವರು ಈಗ ಬರುತ್ತಿಲ್ಲ. ಎರಡು ಹಸು ಕಟ್ಟಿಕೊಂಡು ಮನೆ ನಡೆಸುವ ಹೆಣ್ಣುಮಕ್ಕಳನ್ನು ಅವರ ತವರಿನವರೇ ವಿಚಾರಿಸಿದ್ದಾರೆ.

ಆ ಪತ್ರಿಕೆಯನ್ನು ನಮ್ಮ ಮನೆಗೆ 25 ವರ್ಷಗಳಿಂದ ತರಿಸುತ್ತಿದ್ದೇವೆ, ಆದ್ದರಿಂದ ಸಿಟ್ಟಿಗಿಂತ ನೋವು ಹೆಚ್ಚಾಗಿದೆ. ಇಷ್ಟು ತಿದ್ದುಪಡಿ ಸಾಕೆಂದು ನಾವು ಒಪ್ಪಿಕೊಳ್ಳಬೇಕೇ, ಅಥವಾ ಇದಕ್ಕಿಂತ ಹೆಚ್ಚಿನದನ್ನು ಕೇಳುವ ಹಕ್ಕು ಓದುಗರಿಗೆ ಇದೆಯೇ ಎಂಬುದನ್ನು ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ 1: ನಿವೃತ್ತ ಉಪಸಂಪಾದಕ, ಚಿಕ್ಕಮಗಳೂರು

ಮಾನ್ಯರೇ, ನಾನು ಎರಡು ದಶಕಗಳಿಗೂ ಹೆಚ್ಚು ಕಾಲ ಡೆಸ್ಕ್‌ನಲ್ಲಿ ಕೆಲಸ ಮಾಡಿದವನು. ಇಂಥ ತಪ್ಪು ಹೇಗೆ ಆಗುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ, ಅದನ್ನು ಸಮರ್ಥಿಸಿಕೊಳ್ಳುವುದಕ್ಕಲ್ಲ. ಹೋಬಳಿ ಮಟ್ಟದ ಸುದ್ದಿಯನ್ನು ಕಳುಹಿಸುವವರು ಹೆಚ್ಚಾಗಿ ಅರೆಕಾಲಿಕ ವರದಿಗಾರರು. ಬೇರೆ ಉದ್ಯೋಗದ ನಡುವೆ, ಸಂಜೆಯೊಳಗೆ, ಅನೇಕ ವೇಳೆ ಇನ್ನೊಬ್ಬ ವರದಿಗಾರ ಹಂಚಿಕೊಂಡ ಟಿಪ್ಪಣಿಯನ್ನೇ ತಿದ್ದಿ ಅವರು ಕಳುಹಿಸುತ್ತಾರೆ. ಪುಟ ಕಟ್ಟುವವರು ಕುಳಿತಿರುವುದು ಇನ್ನೊಂದು ಊರಿನಲ್ಲಿ; ಅವರಿಗೆ ನಿಮ್ಮ ಎರಡು ಹಳ್ಳಿಗಳ ನಡುವಿನ ವ್ಯತ್ಯಾಸ ತಿಳಿದಿರುವುದಿಲ್ಲ. ತಿಳಿದ ಒಬ್ಬರಿಗೆ ಫೋನ್ ಮಾಡಿದ್ದರೆ ಎರಡು ನಿಮಿಷದಲ್ಲಿ ತೀರುತ್ತಿದ್ದ ಸಂದೇಹ ಅದು, ಆದರೆ ಪುಟ ಅಚ್ಚಿಗೆ ಹೋಗುವ ಹೊತ್ತಿನಲ್ಲಿ ಆ ಎರಡು ನಿಮಿಷವನ್ನೇ ಮೊದಲು ಕೈಬಿಡುತ್ತಾರೆ.

ತಪ್ಪನ್ನು ಮುಚ್ಚಿಡುವ ಅಭ್ಯಾಸ ಮಾತ್ರ ಸಮಯದ ಅಭಾವದಿಂದ ಬಂದದ್ದಲ್ಲ. ತಿದ್ದುಪಡಿ ದೊಡ್ಡದಾಗಿ ಹಾಕಿದರೆ ಓದುಗರು ನಮ್ಮನ್ನು ನಂಬುವುದಿಲ್ಲ ಎಂಬ ಭಯ ಕಚೇರಿಗಳಲ್ಲಿ ಬಲವಾಗಿತ್ತು, ನನ್ನಲ್ಲೂ ಇತ್ತು. ಆ ಭಯ ತಪ್ಪೆಂದು ನನಗೆ ಈಗ ಅನ್ನಿಸುತ್ತದೆ. ಊರಿನವರಿಗೆ ತಪ್ಪು ಮೊದಲೇ ಗೊತ್ತಾಗಿರುತ್ತದೆ. ಪತ್ರಿಕೆ ಅದನ್ನು ಒಪ್ಪಿಕೊಳ್ಳುತ್ತದೆಯೇ ಇಲ್ಲವೇ ಎಂಬುದನ್ನಷ್ಟೇ ಅವರು ಕಾದು ನೋಡುತ್ತಿರುತ್ತಾರೆ.

ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ 1997ರಲ್ಲಿ ಓದುಗರ ಸಂಪಾದಕ ಎಂಬ ಹುದ್ದೆಯನ್ನು ಸೃಷ್ಟಿಸಿ, ತಪ್ಪುಗಳನ್ನು ಒಂದು ನಿಶ್ಚಿತ ಸ್ಥಳದಲ್ಲಿ ದಿನವೂ ತಿದ್ದುವ ಪದ್ಧತಿಯನ್ನು ಆರಂಭಿಸಿತು. ನಮ್ಮ ದೇಶದಲ್ಲಿ ದಿ ಹಿಂದೂ ಪತ್ರಿಕೆ 2006ರಲ್ಲಿ ಅದೇ ಮಾದರಿಯ ಹುದ್ದೆಯನ್ನು ಸ್ಥಾಪಿಸಿತು. ಸುದ್ದಿ ಬರೆದವರೇ ತಮ್ಮ ತಪ್ಪಿನ ವಿಚಾರಣೆ ಮಾಡಿಕೊಳ್ಳದಿರುವುದು ಈ ಏರ್ಪಾಡಿನ ಜೀವಾಳ. ಕನ್ನಡದ ಜಿಲ್ಲಾ ಆವೃತ್ತಿಗಳಿಗೆ ಅಂಥ ಪ್ರತ್ಯೇಕ ಹುದ್ದೆ ಹೊರೆಯಾಗಬಹುದು, ಒಪ್ಪುತ್ತೇನೆ. ಆದರೆ ಜಿಲ್ಲಾ ಪುಟದಲ್ಲಿಯೇ ತಿದ್ದುಪಡಿಗೊಂದು ಖಾಯಂ ಜಾಗ ಕೊಡುವುದಕ್ಕೆ, ಇ-ಪೇಪರ್ ಮತ್ತು ಜಾಲತಾಣಗಳಲ್ಲಿ ಉಳಿದಿರುವ ಹಳೆಯ ಸುದ್ದಿಗೆ ತಿದ್ದುಪಡಿಯನ್ನು ಅಂಟಿಸುವುದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.

ತಡವಾದ ತಿದ್ದುಪಡಿ ಯಾರಿಗೂ ಉಪಯೋಗಕ್ಕೆ ಬಾರದು ಎಂಬುದಕ್ಕೆ ಒಂದು ಪ್ರಸಂಗ ನೆನಪಾಗುತ್ತದೆ. ಗಾಳಿಯಿಲ್ಲದ ಬಾಹ್ಯಾಕಾಶದಲ್ಲಿ ರಾಕೆಟ್ ಕೆಲಸ ಮಾಡಲಾರದು ಎಂದು ನ್ಯೂಯಾರ್ಕ್ ಟೈಮ್ಸ್ 1920ರಲ್ಲಿ ವಿಜ್ಞಾನಿ ರಾಬರ್ಟ್ ಗೊಡಾರ್ಡ್ ಅವರನ್ನು ಹೀಯಾಳಿಸಿ ಬರೆದಿತ್ತು. ಆ ತಪ್ಪಿಗೆ ಪತ್ರಿಕೆ ವಿಷಾದ ವ್ಯಕ್ತಪಡಿಸಿದ್ದು 1969ರ ಜುಲೈ 17ರಂದು, ಅಪೊಲೊ 11 ಚಂದ್ರನತ್ತ ಹೊರಟ ಮರುದಿನ. ಗೊಡಾರ್ಡ್ 1945ರಲ್ಲಿಯೇ ತೀರಿಕೊಂಡಿದ್ದರು.

ಉತ್ತರ 2: ವಕೀಲ, ಹಾಸನ

ನಿಮ್ಮ ಪ್ರಶ್ನೆಯ ಎರಡನೆಯ ಭಾಗಕ್ಕೆ ಉತ್ತರ ಹೌದು ಎಂದೇ. ಭಾರತೀಯ ಪತ್ರಿಕಾ ಮಂಡಳಿ ರೂಪಿಸಿರುವ ಪತ್ರಿಕಾ ನಡವಳಿಕೆಯ ಸೂತ್ರಗಳ ಪ್ರಕಾರ, ತಪ್ಪು ಖಚಿತವಾದ ಕೂಡಲೇ ಪತ್ರಿಕೆ ತಾನಾಗಿಯೇ ಮುಂದೆ ಬಂದು, ತಕ್ಕ ಪ್ರಾಮುಖ್ಯದೊಂದಿಗೆ ತಿದ್ದುಪಡಿಯನ್ನು ಪ್ರಕಟಿಸಬೇಕು. ಲೋಪ ಗಂಭೀರವಾಗಿದ್ದರೆ ಕ್ಷಮೆಯನ್ನೋ ವಿಷಾದವನ್ನೋ ಸೂಚಿಸಬೇಕು. ಜಾಹೀರಾತಿನ ಕೆಳಗಿನ ಎರಡು ಸಾಲು ತಕ್ಕ ಪ್ರಾಮುಖ್ಯ ಎನಿಸಿಕೊಳ್ಳುವುದಿಲ್ಲ.

ಫೋನಿನಲ್ಲಿ ಆಡಿದ ಮಾತಿಗೆ ದಾಖಲೆಯಿಲ್ಲ. ಮೊದಲು ಸಂಘದ ಲೆಟರ್‌ಹೆಡ್‌ನಲ್ಲಿ, ಸಂಪಾದಕರ ಹೆಸರಿಗೆ, ಪತ್ರಿಕೆಯ ಮುದ್ರಣ ವಿವರದಲ್ಲಿರುವ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳುಹಿಸಿ. ಸುದ್ದಿ ಬಂದ ದಿನಾಂಕ, ಪುಟ, ಮೂಲ ವಾಕ್ಯ ಮತ್ತು ಸರಿಯಾದ ಸಂಗತಿಯನ್ನು ಬರೆದು, ಆಡಳಿತ ಮಂಡಳಿಯ ನಿರ್ಣಯದ ಪ್ರತಿಯನ್ನು ಲಗತ್ತಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ತಿದ್ದುಪಡಿ ಹೇಗಿರಬೇಕೆಂದು ನೀವೇ ನಾಲ್ಕು ವಾಕ್ಯಗಳಲ್ಲಿ ಬರೆದುಕೊಡಿ. ಉತ್ತರ ತೃಪ್ತಿಕರವಾಗದಿದ್ದರೆ ಪತ್ರಿಕಾ ಮಂಡಳಿಗೆ ದೂರು ಸಲ್ಲಿಸಬಹುದು. ದಿನಪತ್ರಿಕೆಯ ವಿಷಯದಲ್ಲಿ ಪ್ರಕಟಣೆಯಾದ ಎರಡು ತಿಂಗಳೊಳಗೆ ಸಲ್ಲಿಸಬೇಕಾಗಿರುವುದರಿಂದ ತಡಮಾಡಬೇಡಿ.

ಮಂಡಳಿಯ ಮಿತಿಯನ್ನೂ ಹೇಳಿಬಿಡುತ್ತೇನೆ. 1978ರ ಕಾಯ್ದೆಯ 14ನೆಯ ಸೆಕ್ಷನ್ ಪ್ರಕಾರ ಅದು ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು. ದಂಡ ವಿಧಿಸುವ ಅಧಿಕಾರ ಅದಕ್ಕಿಲ್ಲ. ಟಿ.ವಿ. ವಾಹಿನಿಗಳು ಅದರ ವ್ಯಾಪ್ತಿಗೇ ಬರುವುದಿಲ್ಲ. ಮಾನಹಾನಿಯ ಮೊಕದ್ದಮೆಗೆ ಭಾರತೀಯ ನ್ಯಾಯ ಸಂಹಿತೆಯ 356ನೆಯ ಸೆಕ್ಷನ್ ಇದೆ, ಆದರೆ ಅದು ವರ್ಷಗಟ್ಟಲೆ ನಡೆಯುವ ದಾರಿ, ಮತ್ತು ನಿಮ್ಮ ಡೇರಿಗೆ ಈ ತಿಂಗಳೇ ಬೇಕಾಗಿರುವ ಹೆಸರು ಅದರಿಂದ ಈ ತಿಂಗಳು ಸಿಗುವುದಿಲ್ಲ.

ಉತ್ತರ 3: ಶಿಕ್ಷಕಿ, ಹಾಸನ

ಊರಿನ ಹೆಸರು ತಪ್ಪಾದರೆ ತಿದ್ದಬಹುದು. ತಿದ್ದುಪಡಿಯ ಚೌಕಟ್ಟಿಗೆ ಸಿಗದ ಇನ್ನೊಂದು ಬಗೆಯ ತಪ್ಪನ್ನು ನಮ್ಮ ಜಿಲ್ಲೆ 2025ರ ಜೂನ್, ಜುಲೈ ತಿಂಗಳುಗಳಲ್ಲಿ ಅನುಭವಿಸಿತು. ಹಾಸನದಲ್ಲಿ ಹೃದಯಾಘಾತಕ್ಕೆ ಮತ್ತೊಂದು ಬಲಿ ಎಂಬ ಸುದ್ದಿ ದಿನವೂ ಬರುತ್ತಿತ್ತು, ಪಕ್ಕದಲ್ಲಿ ಏರುವ ಅಂಕಿಯೊಂದಿಗೆ. ನಮ್ಮ ತಂದೆಗೆ ರಾತ್ರಿ ನಿದ್ರೆ ಹತ್ತುತ್ತಿರಲಿಲ್ಲ. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಮುಗಿಬಿದ್ದರು.

ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ರಚಿಸಿದ ಸಮಿತಿ ಜುಲೈನಲ್ಲಿ ವರದಿ ಕೊಟ್ಟಿತು. ಪರಿಶೀಲಿಸಿದ 24 ಸಾವುಗಳಲ್ಲಿ ನಾಲ್ಕಕ್ಕೆ ಹೃದಯದ ಕಾರಣವೇ ಇರಲಿಲ್ಲ. ರಸ್ತೆ ಅಪಘಾತ ಮತ್ತು ವಿದ್ಯುತ್ ಆಘಾತದಿಂದ ಆದ ಸಾವುಗಳೂ ಆ ಎಣಿಕೆಯಲ್ಲಿ ಸೇರಿಹೋಗಿದ್ದವು. ಹೃದಯಾಘಾತಗಳು ಅಸಹಜವಾಗಿ ಏರಿವೆ ಎನ್ನುವುದಕ್ಕೆ ಆಧಾರ ಸಿಗಲಿಲ್ಲ. ಉಳಿದ ಸುದ್ದಿಗಳಲ್ಲಿ ಪ್ರತಿಯೊಂದೂ ಬಿಡಿಯಾಗಿ ನಿಜವೇ ಆಗಿದ್ದಿರಬಹುದು. ಆದರೆ ಹಿಂದಿನ ವರ್ಷ ಇದೇ ಅವಧಿಯಲ್ಲಿ ಎಷ್ಟಿತ್ತು ಎಂದು ಕೇಳದೆ ಎಣಿಸುತ್ತಾ ಹೋದದ್ದರಿಂದ, ಒಟ್ಟಿಗೆ ಓದಿದವರ ಮನಸ್ಸಿನಲ್ಲಿ ನಿಂತದ್ದು ನಿಜವಲ್ಲದ ಚಿತ್ರ. ಸಮಿತಿಯ ವರದಿಯೂ ಪ್ರಕಟವಾಯಿತು, ಇಲ್ಲವೆನ್ನುವುದಿಲ್ಲ. ಒಂದೆರಡು ದಿನ ಬಂದು ಹೋದ ಆ ಸುದ್ದಿ, ನಲವತ್ತು ದಿನ ಕೂಡಿಸಿದ ಭಯವನ್ನು ಇಳಿಸಲಿಲ್ಲ. ಯಾವ ದಿನ ಎಣಿಕೆ ಆರಂಭವಾಯಿತು, ಏಕೆ ಆರಂಭವಾಯಿತು, ಅದರಲ್ಲಿ ಸೇರಬಾರದವರು ಯಾರು ಸೇರಿದರು ಎಂದು ಒಂದು ಪತ್ರಿಕೆಯಾದರೂ ತನ್ನ ಓದುಗರಿಗೆ ಬಿಡಿಸಿ ಹೇಳಿದ್ದನ್ನು ನಾನು ಓದಲಿಲ್ಲ. ಹಾಗೆ ಹೇಳಿದ್ದರೆ ಆ ಪತ್ರಿಕೆಯನ್ನು ನಮ್ಮ ಶಾಲೆಯ ಪ್ರತಿ ತರಗತಿಗೂ ಒಯ್ದು ತೋರಿಸುತ್ತಿದ್ದೆ.

ಪ್ರಶ್ನೆ ಕೇಳಿದವರ ಮರುನುಡಿ

ಮೂವರಿಗೂ ಕೃತಜ್ಞತೆಗಳು. ವಕೀಲರು ಹೇಳಿದಂತೆ ನಿನ್ನೆ ಸಭೆ ಕರೆದು ನಿರ್ಣಯ ಮಾಡಿದೆವು. ಸುದ್ದಿಯನ್ನು ಮತ್ತೆ ಎತ್ತಿದರೆ ಮರೆತವರಿಗೂ ನೆನಪಿಸಿದಂತಾಗುತ್ತದೆ ಎಂದು ಇಬ್ಬರು ನಿರ್ದೇಶಕರು ಅಳುಕಿದರು. ಆಗ ಹಾಲು ಹಾಕುವ ಹಿರಿಯ ಸದಸ್ಯೆಯೊಬ್ಬರು, ಮರೆತಿದ್ದರೆ ನಮ್ಮ ಡೇರಿಗೆ ಹಾಲು ಕೊಳ್ಳಲು ಬರುತ್ತಿರಲಿಲ್ಲವೇ ಎಂದು ಕೇಳಿದ ಮೇಲೆ ಎಲ್ಲರೂ ಸಹಿ ಮಾಡಿದರು. ತಿದ್ದುಪಡಿಯ ಕರಡಿನಲ್ಲಿ ಇನ್ನೊಂದು ಊರಿನ ಹೆಸರನ್ನು ಬರೆಯಬಾರದೆಂದು ತೀರ್ಮಾನಿಸಿದ್ದೇವೆ, ಏಕೆಂದರೆ ಅಲ್ಲಿಯೂ ತಪ್ಪು ಮಾಡದೆ ಹಾಲು ಹಾಕುವ ಮನೆಗಳಿವೆ. ಘಟನೆ ನಮ್ಮ ಸಂಘದಲ್ಲಿ ನಡೆದದ್ದಲ್ಲ ಎಂಬುದು ಅದೇ ಪುಟದಲ್ಲಿ, ಕಣ್ಣಿಗೆ ಕಾಣುವಂತೆ ಬಂದರೆ ಸಾಕು. ಪತ್ರವನ್ನು ಇಂದು ಬೆಳಿಗ್ಗೆ ಅರಕಲಗೂಡು ಅಂಚೆ ಕಚೇರಿಯಲ್ಲಿ ಕೊಟ್ಟು ಬಂದಿದ್ದೇನೆ. ಉತ್ತರ ಬಂದ ದಿನ ಅದನ್ನು ಇಲ್ಲಿಯೇ ಬರೆಯುತ್ತೇನೆ.