ಜೈಲಿಗೆ ಹೋಗಿ ಬಂದವನ ಹತ್ತಿರ ಹಕ್ಕಿ ತಗೊಳ್ಳಬಹುದಾ?

ತುಂಗಾತೀರ, ತೀರ್ಥಹಳ್ಳಿ

ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಮಗಳಿಗೆ ಹನ್ನೆರಡು ವರ್ಷ. ಕಳೆದ ದೀಪಾವಳಿಗೆ ಶಿವಮೊಗ್ಗದ ನೆಂಟರ ಮನೆಯಲ್ಲಿ ಒಂದು ಸನ್ ಕನ್ಯೂರ್ ಗಿಳಿ ನೋಡಿದಳು. ಹಳದಿ ಮೈ, ಕಿತ್ತಳೆ ಕೆನ್ನೆ, ರೆಕ್ಕೆಯಲ್ಲಿ ಒಂದಿಷ್ಟು ಹಸಿರು. ಸೀದಾ ಇವಳ ಭುಜಕ್ಕೆ ಬಂದು ಕೂತು ಕಿವಿಯೋಲೆ ಎಳೆಯಿತು. ಮುಗಿಯಿತು ಕಥೆ. ಅವತ್ತಿನಿಂದ ಮನೆಯಲ್ಲಿ ಬೇರೆ ಮಾತೇ ಇಲ್ಲ.

ಎಲ್ಲಿ ಸಿಗುತ್ತದೆ ಅಂತ ನಾಲ್ಕು ಜನರನ್ನು ಕೇಳಿದೆ. ನಾಲ್ವರೂ ಹೇಳಿದ್ದು ಒಬ್ಬನನ್ನೇ. ಶಿವಮೊಗ್ಗದಿಂದ ಸ್ವಲ್ಪ ಆಚೆ, ಮನೆ ಹಿಂದೆ ಶೆಡ್ ಹಾಕಿಕೊಂಡು ಮರಿ ಮಾಡಿಸಿ ಮಾರುತ್ತಾನೆ. ಹೋಗಿ ನೋಡಿದೆ. ಶೆಡ್ ನಮ್ಮ ಕೊಟ್ಟಿಗೆಗಿಂತ ಚೊಕ್ಕವಾಗಿತ್ತು. ಮನುಷ್ಯನೂ ಮೆತ್ತಗೆ ಮಾತಾಡುತ್ತಾನೆ. ಬೆಲೆ ಬೇರೆ ಕಡೆಗಿಂತ ಕಡಿಮೆಯೇ ಹೇಳಿದ. ವಾಪಸ್ ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದವರೊಬ್ಬರು ಸಿಕ್ಕಿ, "ಅಯ್ಯೋ ಮಾರಾಯ, ಅವನ ಹತ್ರ ಹೋಗಿದ್ಯಾ? ಚಿಪ್ಪುಹಂದಿ ಚಿಪ್ಪಿನ ಕೇಸಲ್ಲಿ ಒಳಗೆ ಹೋಗಿ ಬಂದವನು ಅವನು" ಅಂದರು. ಆಮೇಲೆ ವಿಚಾರಿಸಿದೆ, ನಿಜ. ಹತ್ತು ವರ್ಷದ ಹಿಂದಿನ ಮಾತು, ಶಿಕ್ಷೆ ಮುಗಿಸಿದ್ದಾನೆ.

ಈಗ ತಲೆ ಕೆಟ್ಟಿದೆ. ಶಿಕ್ಷೆ ಮುಗಿಸಿ ಬಂದವನು ದುಡಿದು ತಿನ್ನುವುದು ತಪ್ಪಲ್ಲ ಅಲ್ವಾ? ಬೇರೆ ಯಾವುದೋ ಕೇಸಲ್ಲಿ ಒಳಗೆ ಹೋಗಿ ಬಂದವನು ದಿನಸಿ ಅಂಗಡಿ ಇಟ್ಟರೆ ನಾನು ಯೋಚನೆ ಮಾಡದೆ ಅಕ್ಕಿ ತಗೊಳ್ಳುತ್ತೇನೆ. ಆದರೆ ಪ್ರಾಣಿ ಕೇಸಲ್ಲಿ ಸಿಕ್ಕಿಬಿದ್ದವನು ಮತ್ತೆ ಪ್ರಾಣಿ ಮಾರುವುದಕ್ಕೇ ಕೂತಿದ್ದಾನೆ ಅಂದಾಗ ಯಾಕೋ ಕೈ ಮುಂದೆ ಹೋಗುತ್ತಿಲ್ಲ. ಹೆಂಡತಿ ಕೇಳುತ್ತಾಳೆ, ನಿಮಗೆ ಹಕ್ಕಿ ಬೇಕಾ ಅವನ ಜಾತಕ ಬೇಕಾ ಅಂತ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಹಕ್ಕಿಮನೆ, ಭದ್ರಾವತಿ

ನಾನು ಹದಿನಾಲ್ಕು ವರ್ಷದಿಂದ ಹಕ್ಕಿ ಸಾಕುತ್ತಿದ್ದೇನೆ. ನಿಮ್ಮ ಮನೆಯವರು ಕೇಳಿದ ಪ್ರಶ್ನೆ ಸರಿಯಾಗಿದೆ. ಆದರೆ ಜಾತಕ ಬೇಕು. ಅವನದ್ದಲ್ಲ, ಹಕ್ಕಿಯದ್ದು.

ಸನ್ ಕನ್ಯೂರ್ ದಕ್ಷಿಣ ಅಮೆರಿಕದ್ದು. ಗಯಾನಾ, ಉತ್ತರ ಬ್ರೆಜಿಲ್ ಕಡೆ ಇರುವಂಥದ್ದು. ಪಂಜರಕ್ಕೆ ಅಂತ ಹಿಡಿದು ಹಿಡಿದು ಈಗ ಅಲ್ಲಿನ ಕಾಡಲ್ಲಿ ಅಳಿವಿನ ಅಂಚಿಗೆ ಬಂದಿದೆ. ನಮ್ಮಲ್ಲಿ ಮಾರುವವು ಹೆಚ್ಚಿನವು ಪಂಜರದಲ್ಲೇ ಹುಟ್ಟಿದ ಹಕ್ಕಿಗಳ ಮರಿ. ಹಾಗಂತ ಸುಮ್ನೆ ತಂದು ಇಟ್ಟುಕೊಳ್ಳುವ ಹಾಗಿಲ್ಲ. ಸೈಟಿಸ್ ಅಂದರೆ ಕಾಡುಪ್ರಾಣಿ, ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ. ಅದರ ಪಟ್ಟಿಯಲ್ಲಿರುವ ಹೊರದೇಶದ ಪ್ರಾಣಿಗಳೆಲ್ಲ 2022ರ ತಿದ್ದುಪಡಿ ಆದಮೇಲೆ ನಮ್ಮ ವನ್ಯಜೀವಿ ಕಾಯ್ದೆಯ ನಾಲ್ಕನೇ ಪಟ್ಟಿಗೆ ಬಂದಿವೆ. 2024ರ ಫೆಬ್ರವರಿಯಲ್ಲಿ ಅದಕ್ಕೆ ನಿಯಮವೂ ಬಂತು. ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಮಾಡಿಸಬೇಕು, ಮರಿ ಹುಟ್ಟಿದರೆ ಹೇಳಬೇಕು, ಕೈ ಬದಲಾದರೂ ಹೇಳಬೇಕು. ಬಜ್ಜಿ, ಕಾಕಟೀಲ್ ಅನ್ನುವ ಪುಟ್ಟ ಗಿಳಿಗಳು ಸೈಟಿಸ್ ಪಟ್ಟಿಯಲ್ಲಿಲ್ಲ, ಅವಕ್ಕೆ ಈ ತಲೆನೋವಿಲ್ಲ. ಇನ್ನು ನಮ್ಮ ತೋಟಕ್ಕೆ ಬರುವ ಹಸಿರು ಗಿಳಿ ಇದೆಯಲ್ಲ, ಅದನ್ನು ಸಾಕುವುದೇ ಅಪರಾಧ. ಅರ್ಧ ಊರಿನ ಜಗಲಿಯಲ್ಲಿ ಅದು ನೇತಾಡುತ್ತಿರುತ್ತದೆ, ಅದು ಬೇರೆ ಮಾತು.

ಮತ್ತೆ ಹೋದಾಗ ಕಾಲು ನೋಡಿ. ಕೂಡುಗೆರೆ ಇಲ್ಲದ, ಪೂರ್ತಿ ಮುಚ್ಚಿದ ಉಂಗುರ ಇದ್ದರೆ ಅದನ್ನು ಮರಿ ಇದ್ದಾಗಲೇ ಹಾಕಿರಬೇಕು. ಎರಡು ವಾರದ ಆಸುಪಾಸಿನಲ್ಲಿ, ಕಣ್ಣು ಬಿಟ್ಟು ಪುಕ್ಕದ ಮೊಳಕೆ ಬರುವ ಹೊತ್ತಿಗೆ, ಮುಂದಿನ ಎರಡು ಬೆರಳು, ಹಿಂದಿನ ಉದ್ದ ಬೆರಳು ಮೂರನ್ನೂ ಒಟ್ಟು ಹಿಡಿದು ಉಂಗುರ ತೂರಿಸಿ, ಒಳಗೆ ಸಿಕ್ಕಿಕೊಂಡ ಪುಟ್ಟ ಬೆರಳನ್ನು ಬೆಂಕಿಕಡ್ಡಿಯಿಂದ ಮೆಲ್ಲಗೆ ಎಳೆದು ಬಿಡಿಸಬೇಕು. ನಾಲ್ಕು ದಿನ ತಡವಾದರೆ ಕಾಲು ದಪ್ಪವಾಗಿ ಹೋಗುವುದಿಲ್ಲ. ಬೆಳೆದ ಹಕ್ಕಿಗೆ ಹಾಕುವುದಾದರೆ ಸೀಳಿದ ಉಂಗುರವೇ ಗತಿ. ಹಾಗಂತ ಪಂಜರದಲ್ಲೇ ಹುಟ್ಟಿದ್ದು ಅನ್ನುವುದಕ್ಕೆ ಉಂಗುರವೇ ದೊಡ್ಡ ಸಾಕ್ಷಿ ಅಲ್ಲ, ಉಂಗುರ ದುಡ್ಡಿಗೆ ಸಿಗುತ್ತದೆ. ಮರಿ ಪುಸ್ತಕ ತೋರಿಸು ಅನ್ನಿ. ಯಾವ ಜೋಡಿಯ ಮರಿ, ಯಾವತ್ತು ಒಡೆಯಿತು, ಉಂಗುರದ ನಂಬರ್ ಎಷ್ಟು. ನಿಜವಾಗಿ ಮರಿ ಮಾಡಿಸುವವನಿಗೆ ಅದನ್ನು ತೋರಿಸುವುದೇ ಖುಷಿ.

ಆಗುಂಬೆ ಮಳೆ

ನಾನು ಬೇಡ ಅಂತೀನಿ. ಕಾರಣ ಅವನು ಕೆಟ್ಟವನು ಅಂತಲ್ಲ.

ಚಿಪ್ಪುಹಂದಿ ಚಿಪ್ಪು ಒಬ್ಬನೇ ಮಾಡುವ ವ್ಯಾಪಾರ ಅಲ್ಲ. ಬಿಲ ತೋರಿಸುವವನೊಬ್ಬ, ಹೊಗೆ ಹಾಕಿ ಹೊರಗೆ ತೆಗೆಯುವವನೊಬ್ಬ, ಬೈಕಲ್ಲಿ ಸಾಗಿಸುವವನೊಬ್ಬ, ಎಲ್ಲೋ ಲಾಡ್ಜಲ್ಲಿ ಕೂತು ದುಡ್ಡು ಎಣಿಸುವವನೊಬ್ಬ. ಜೈಲಿಗೆ ಹೋಗಿ ಬಂದರೂ ಆ ಫೋನ್ ನಂಬರ್‌ಗಳು ಎಲ್ಲಿ ಹೋಗುತ್ತವೆ? ಅವನು ಬೇಡ ಅಂದರೂ ಅವರು ಬಿಡಬೇಕಲ್ಲ.

ಇನ್ನೊಂದು. ಹೊರದೇಶದ ಪ್ರಾಣಿಗಳ ಈ ಹುಚ್ಚು ಎಲ್ಲಿಗೆ ಬಂದಿದೆ ನೋಡಿ. 2023ರ ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರಿಗೆ ಬಂದ ಒಬ್ಬನ ಸೂಟ್‌ಕೇಸಿನಲ್ಲಿ 234 ಪ್ರಾಣಿ ಸಿಕ್ಕವು. ಅದರಲ್ಲಿ ಒಂದು ಕಾಂಗರೂ ಮರಿ, ಉಸಿರುಗಟ್ಟಿ ಸತ್ತಿತ್ತು. 2024ರ ಏಪ್ರಿಲ್‌ನಲ್ಲಿ ಅದೇ ವಿಮಾನ ನಿಲ್ದಾಣದಲ್ಲಿ ಇನ್ನೊಬ್ಬನ ಚೀಲದಲ್ಲಿ 10 ಹಳದಿ ಅನಕೊಂಡ. ಅನಕೊಂಡ ಸ್ವಾಮಿ! ಇದನ್ನೆಲ್ಲ ಜೈಲಿಗೆ ಹೋಗಿ ಬಂದವರು ಸಾಕುವುದಕ್ಕೆ ತರಿಸಿಕೊಳ್ಳುವುದಿಲ್ಲ. ಕಾರು, ಬಂಗಲೆ ಇರುವವರೇ ತರಿಸುವುದು. ಕೊಳ್ಳುವವನಿಲ್ಲದೆ ಆ ಸೂಟ್‌ಕೇಸ್ ಹೊರಡುವುದೇ ಇಲ್ಲ.

ನಿಮ್ಮ ಮಗಳಿಗೆ ಹಕ್ಕಿ ಬೇಕಂದರೆ ಮಂಡಗದ್ದೆ ಪಕ್ಷಿಧಾಮಕ್ಕೆ ಕರ್ಕೊಂಡು ಹೋಗಿ. ನಿಮ್ಮೂರಿನ ಹತ್ತಿರವೇ ಇದೆ.

ಕೆರೆದಂಡೆ, ಸಾಗರ

ನನ್ನದೊಂದು ಕೇಳಿ. ಇದನ್ನು ಇಲ್ಲಿಯವರೆಗೆ ಯಾರ ಹತ್ತಿರವೂ ಹೇಳಿರಲಿಲ್ಲ.

ಮದುವೆಯಾದ ಹೊಸತು. ನಮ್ಮ ಬೀದಿಯಲ್ಲಿ ನಿವೃತ್ತರೊಬ್ಬರು ಇದ್ದರು. ಊರಿನ ಎಲ್ಲ ಕಾರ್ಯಕ್ರಮದಲ್ಲೂ ಅವರಿಗೆ ಮುಂದಿನ ಸಾಲು. ಅವರು "ಮನೆಯಲ್ಲಿ ಆಮೆ ಇದ್ದರೆ ಒಳ್ಳೆಯದಮ್ಮಾ" ಅಂತ ಒಂದು ನಕ್ಷತ್ರ ಆಮೆ ಕೊಟ್ಟರು, ದುಡ್ಡಿಗೇ. ಅಂಗೈಯಷ್ಟಿತ್ತು. ಬೆನ್ನ ಮೇಲೆ ಯಾರೋ ಕೂತು ಹಳದಿ ದಾರದಲ್ಲಿ ಕಸೂತಿ ಹಾಕಿದ ಹಾಗೆ. ಎಲ್ಲಿಂದ ಬಂತು ಅಂತ ನಾನು ಕೇಳಲಿಲ್ಲ. ಅವರನ್ನು ಹಾಗೆ ಕೇಳುವುದೇ ತಪ್ಪು ಅನಿಸಿತ್ತು.

ಅದು ಒಣನೆಲದ ಪ್ರಾಣಿ. ಸಾಗರದ ಜೂನ್ ತಿಂಗಳು ನಿಮಗೆ ಗೊತ್ತಲ್ಲ, ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗದ ಕಾಲ. ಮೂಗಲ್ಲಿ ಗುಳ್ಳೆ ಬರತೊಡಗಿತು. ಬಾಯಿ ತೆರೆದು ಉಸಿರಾಡುತ್ತಿತ್ತು. ಡಾಕ್ಟರ ಹತ್ತಿರ ಹೋದೆ. ಅವರು ಆಮೆಯನ್ನು ನೋಡುವ ಮೊದಲು ನನ್ನನ್ನು ನೋಡಿದರು. "ಇದನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ಗೊತ್ತಾ?" ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಈಗ ಅದು ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯಲ್ಲಿದೆ, ಮೂರರಿಂದ ಏಳು ವರ್ಷದವರೆಗೆ ಜೈಲು. ಅರಣ್ಯ ಇಲಾಖೆಗೆ ಕೊಡೋಣ ಅಂತ ಗಂಡ ಹೇಳಿದರು. ಕೇಸಾದರೆ ಅಂತ ನನಗೆ ಹೆದರಿಕೆ. ನಾಳೆ ಕೊಡೋಣ, ನಾಡಿದ್ದು ಕೊಡೋಣ ಅನ್ನುತ್ತಾ ಆಗಸ್ಟ್ ಬಂತು. ಒಂದು ಬೆಳಗ್ಗೆ ಚಿಪ್ಪು ತಟ್ಟಿದರೆ ತಲೆ ಹೊರಗೆ ಬರಲಿಲ್ಲ.

ನಿಮ್ಮವನು ಜೈಲಿಗೆ ಹೋಗಿ ಬಂದವನು ಅಂತ ಗೊತ್ತಾಗಿದ್ದಕ್ಕೆ ನೀವು ಇಷ್ಟು ವಿಚಾರಿಸುತ್ತಿದ್ದೀರಿ. ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಅಡಿಕೆ ಸುಲಿಯುವವ, ಹೊಸನಗರ

ಆಗುಂಬೆಯವರೇ, ನಿಮ್ಮ ಮಾತು ಅರ್ಧ ಒಪ್ಪಿದೆ. ಉಳಿದ ಅರ್ಧಕ್ಕೆ ಉತ್ತರ ಕೊಡುತ್ತೇನೆ, ಯಾಕೆಂದರೆ ನನ್ನ ಚಿಕ್ಕಪ್ಪನ ಮಗನೇ ಒಳಗೆ ಹೋಗಿ ಬಂದವನು.

ಮಣ್ಣುಮುಕ್ಕ ಹಾವು, ಎರಡು ತಲೆ ಹಾವು ಅಂತಾರಲ್ಲ, ಅದರ ಕೇಸು. ಅದಕ್ಕೆ ಎರಡು ತಲೆಯೂ ಇಲ್ಲ ಮಣ್ಣೂ ಇಲ್ಲ, ಬಾಲ ಮೊಂಡಾಗಿ ತಲೆ ಹಾಗೆ ಕಾಣುತ್ತದೆ ಅಷ್ಟೇ. ಅದು ಮನೆಗೆ ಬಂದರೆ ಲಕ್ಷ್ಮಿ ಬರುತ್ತಾಳಂತೆ, ಕೋಟಿ ಬೆಲೆಯಂತೆ. ಇವನಿಗೆ ಹೇಳಿದ್ದು ಒಂದು ಚೀಲವನ್ನು ಇಲ್ಲಿಂದ ಅಲ್ಲಿಗೆ ಮುಟ್ಟಿಸು, ಐದು ಸಾವಿರ ಕೊಡುತ್ತೇವೆ ಅಂತ. ಸಿಕ್ಕಿಬಿದ್ದವನು ಇವನು. ಕಳಿಸಿದವನ ಫೋನ್ ಅವತ್ತಿನಿಂದ ಸ್ವಿಚ್ ಆಫ್. ಬಿಡುಗಡೆಯಾಗಿ ಬಂದಮೇಲೆ ಸುಲಿಯುವ ಕೆಲಸಕ್ಕೂ ಕರೆಯಲಿಲ್ಲ ಜನ, ಅಡಿಕೆ ಕದಿಯುತ್ತಾನೆ ಅಂತ. ಹಾವಿಗೂ ಅಡಿಕೆಗೂ ಏನು ಸಂಬಂಧ? ಎರಡು ವರ್ಷ ಮನೆಯಲ್ಲೇ ಕೂತಿದ್ದ. ಆ ನಂಬರ್‌ಗಳು ಎಲ್ಲಿ ಹೋಗುತ್ತವೆ ಅಂತ ಕೇಳಿದಿರಲ್ಲ, ಮನೆಯಲ್ಲಿ ಕೂರಿಸಿದರೆ ಅವು ಮತ್ತೆ ಬರುತ್ತವೆ. ಕೆಲಸ ಕೊಟ್ಟರೆ ಬರುವುದು ಕಡಿಮೆಯಾಗುತ್ತದೆ.

ಮತ್ತೆ 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಏನು ಮಾಡಿತು ನೆನಪಿದೆಯಾ? ಮನೆಯಲ್ಲಿ ಹೊರದೇಶದ ಪ್ರಾಣಿ ಇದ್ದವರು ಆರು ತಿಂಗಳೊಳಗೆ ತಾವಾಗಿಯೇ ಹೇಳಿಕೊಂಡರೆ ಎಲ್ಲಿಂದ ಬಂತು ಅಂತ ದಾಖಲೆ ಕೇಳುವುದಿಲ್ಲ ಅಂತು. ಎಲ್ಲಿಂದ ಬಂತೋ ಯಾರು ತಂದರೋ, ಅರ್ಜಿ ಹಾಕಿದರೆ ಮುಗಿಯಿತು. ತಂದುಕೊಟ್ಟವನು ಸಿಕ್ಕರೆ ಕಳ್ಳ, ಕೊಂಡವನು ಪ್ರಾಣಿಪ್ರಿಯ.

ಹಕ್ಕಿಮನೆ, ಭದ್ರಾವತಿ

ಒಂದು ಸಣ್ಣ ತಿದ್ದುಪಡಿ ಅಡಿಕೆಯವರೇ. ಆ ಅವಕಾಶ ಹೊರದೇಶದ ಪ್ರಾಣಿಗಳಿಗೆ ಮಾತ್ರ ಇದ್ದದ್ದು. ನಮ್ಮ ಕಾಡಿನ ಹಾವು, ಆಮೆ, ಚಿಪ್ಪುಹಂದಿಗೆ ಇರಲಿಲ್ಲ. ಆದರೆ ನಿಮ್ಮ ಮಾತಿನ ಉಳಿದದ್ದು ಸರಿ, ಆವಾಗ ಅರ್ಜಿ ಹಾಕಿದವರಲ್ಲಿ ನಾನೂ ಒಬ್ಬ. ನನ್ನ ಹತ್ತಿರ ಒಂದು ಜೋಡಿ ಆಫ್ರಿಕನ್ ಗ್ರೇ ಗಿಳಿ ಇತ್ತು, ಅದನ್ನು ಕೊಟ್ಟವನ ಹತ್ತಿರ ಬಿಲ್ ಇರಲಿಲ್ಲ, ನಾನೂ ಕೇಳಿರಲಿಲ್ಲ. ಈಗ ನನ್ನ ಪೇಪರ್ ಎಲ್ಲ ಪಕ್ಕಾ. ಆ ಜೋಡಿ ಎಲ್ಲಿ ಹುಟ್ಟಿತು ಅಂತ ಇವತ್ತಿಗೂ ಗೊತ್ತಿಲ್ಲ. ಆದ್ದರಿಂದ ಪೇಪರ್ ನೋಡಿ ಅಂತ ನಾನು ಹೇಳಿದಾಗ ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಆಗುಂಬೆ ಮಳೆ

ಅಡಿಕೆಯವರೇ, ಕೆಲಸ ಕೊಡಿ, ಯಾರು ಬೇಡ ಅಂದರು. ತೋಟದ ಕೆಲಸ ಕೊಡಿ, ಅಂಗಡಿ ಹಾಕಿಸಿಕೊಡಿ, ನಾನೇ ಬಂದು ವ್ಯಾಪಾರ ಮಾಡುತ್ತೇನೆ. ಅದೇ ಪ್ರಾಣಿ ವ್ಯಾಪಾರ ಯಾಕೆ ಅಂತಷ್ಟೇ ನನ್ನ ಪ್ರಶ್ನೆ. ಕುಡಿತ ಬಿಟ್ಟವನನ್ನು ಬಾರಿನಲ್ಲಿ ಕೆಲಸಕ್ಕೆ ನಿಲ್ಲಿಸುತ್ತೀರಾ?

ಅಡಿಕೆ ಸುಲಿಯುವವ, ಹೊಸನಗರ

ಅವನಿಗೆ ಗೊತ್ತಿರುವ ಕೆಲಸ ಅದೊಂದೇ ಆದರೆ?

ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಮತ್ತೆ ಹೋಗಿದ್ದೆ. ಮಗಳನ್ನು ಬೇಕಂತಲೇ ಬಿಟ್ಟು ಹೋದೆ.

ಸುತ್ತಿ ಬಳಸಿ ಕೇಳುವುದು ನನಗೆ ಬರುವುದಿಲ್ಲ. ನಿಮ್ಮ ಕೇಸಿನ ವಿಷಯ ಕೇಳಿದೆ ಅಂತ ನೇರ ಅಂದುಬಿಟ್ಟೆ. ಅವನು ಕಾಳಿನ ಡಬ್ಬ ಕೆಳಗಿಟ್ಟು, "ಎಲ್ಲರೂ ಕೇಳಿಕೊಂಡೇ ಬರುತ್ತಾರೆ, ನನ್ನ ಮುಂದೆ ಹೇಳುವವರು ಕಡಿಮೆ" ಅಂದ. ಆಮೇಲೆ ಆ ವಿಷಯಕ್ಕೆ ಅವನೂ ಹೋಗಲಿಲ್ಲ, ನಾನೂ ಹೋಗಲಿಲ್ಲ.

ಮರಿ ಪುಸ್ತಕ ಕೇಳಿದೆ. ಒಳಗಿಂದ ಶಾಲೆ ಮಕ್ಕಳ ನೂರು ಪುಟದ ನೋಟ್‌ಬುಕ್ ತಂದ. ಹಿಕ್ಕೆ ಬಿದ್ದು ರಟ್ಟು ಗಟ್ಟಿಯಾಗಿದೆ. ತಾರೀಕು, ಗೂಡಿನ ನಂಬರ್, ಎಷ್ಟು ಮೊಟ್ಟೆ, ಎಷ್ಟು ಒಡೆಯಿತು, ಎಷ್ಟು ಸತ್ತವು, ಸತ್ತದ್ದನ್ನೂ ಬರೆದಿದ್ದಾನೆ. ನಾನು ನೋಡಿದ್ದ ಮರಿಯ ಉಂಗುರದ ನಂಬರ್ ಅದರಲ್ಲಿತ್ತು. ಅದರ ಅಪ್ಪ ಅಮ್ಮನ ನೋಂದಣಿ ಪತ್ರವನ್ನೂ ತೋರಿಸಿದ. ಪಕ್ಕದ ಪಂಜರದಲ್ಲಿ ಇನ್ನೊಂದು ಜೋಡಿ ಇತ್ತು, ಇನ್ನೂ ಚೆಂದ, ಬಣ್ಣ ಜಾಸ್ತಿ. ಅದಕ್ಕೆ ಸೀಳಿದ ಉಂಗುರ. ಇದು ಎಷ್ಟು ಅಂದೆ. "ಅದು ಬೇಡ, ಅದರದ್ದು ಏನೂ ಇಲ್ಲ" ಅಂದ. ಎಲ್ಲಿಂದ ಬಂತು ಅಂದೆ. "ಒಬ್ಬರು ಬಿಟ್ಟು ಹೋದರು."

ಅದು ನನಗೆ ಇನ್ನೂ ಅರ್ಥವಾಗಿಲ್ಲ. ನನಗೆ ಬೇಡ ಅಂದಿದ್ದಕ್ಕೆ ಮೆಚ್ಚಬೇಕೋ, ಅದು ಅಲ್ಲಿ ಇದ್ದದ್ದಕ್ಕೆ ಎದ್ದು ಬರಬೇಕಿತ್ತೋ. ಆಗುಂಬೆಯವರು ಹೇಳಿದ ಫೋನ್ ನಂಬರ್ ನೆನಪಾಯಿತು, ಸುಳ್ಳು ಯಾಕೆ ಹೇಳಲಿ. ಮುಂಗಡ ಕೊಡದೆ ಬಂದಿದ್ದೇನೆ. ಮರಿಗೆ ಇನ್ನೂ ಕೈತುತ್ತು ಬಿಟ್ಟಿಲ್ಲ, ಹೇಗೂ ಒಂದು ತಿಂಗಳು ಸಮಯ ಇದೆ. ಆ ಸೀಳು ಉಂಗುರದ ಜೋಡಿ ಆವಾಗ ಅಲ್ಲಿ ಇರುತ್ತದಾ, ಇಲ್ಲದಿದ್ದರೆ ಎಲ್ಲಿಗೆ ಹೋಯಿತು, ಅದನ್ನು ಕೇಳಿದ ಮೇಲೇ ದುಡ್ಡು ಎಣಿಸುವುದು ಅಂತ ಅಂದುಕೊಂಡಿದ್ದೇನೆ.

ಹಕ್ಕಿಮನೆಯವರೇ, ಹಾಗೊಮ್ಮೆ ತಂದರೆ ಅಂತ ಕೇಳುತ್ತಿದ್ದೇನೆ. ನಮ್ಮದು ಹಳೇ ಮನೆ. ಬಚ್ಚಲಿನ ಹಂಡೆ ಒಲೆ ಬೆಳಗ್ಗೆ ಸಂಜೆ ಎರಡು ಹೊತ್ತೂ ಉರಿಯುತ್ತದೆ. ಮಳೆಗಾಲದಲ್ಲಿ ಹೊಗೆ ಜಗಲಿಯವರೆಗೂ ಬರುತ್ತದೆ. ಪಂಜರ ಎಲ್ಲಿಡುವುದು?

ಹಕ್ಕಿಮನೆ, ಭದ್ರಾವತಿ

ಹೊಗೆ ಬರುವ ಕಡೆ ಬೇಡವೇ ಬೇಡ, ಹಕ್ಕಿಯ ಶ್ವಾಸಕೋಶ ತಡೆಯುವುದಿಲ್ಲ. ಅಡುಗೆಮನೆ ಪಕ್ಕವೂ ಬೇಡ, ನಾನ್‌ಸ್ಟಿಕ್ ಬಾಣಲೆ ಕಾದು ಹೊಗೆಯಾಡಿದರೆ ನಿಮಿಷಗಳಲ್ಲಿ ಹಕ್ಕಿ ಸಾಯಬಹುದು. ಮಹಡಿ ಇದೆಯಾ? ಬೆಳಗಿನ ಬಿಸಿಲು ಬೀಳುವ ಕಿಟಕಿ ಇದ್ದರೆ ಅಲ್ಲಿಡಿ, ಗಾಳಿ ನೇರ ಹೊಡೆಯಬಾರದು. ಮತ್ತೆ ಪಕ್ಕದ ಮನೆಯವರಿಗೆ ಈಗಲೇ ಒಂದು ಮಾತು ಹೇಳಿಡಿ. ಕನ್ಯೂರ್ ಕೂಗಿದರೆ ತುಂಗೆಯ ಆಚೆ ದಡಕ್ಕೆ ಕೇಳುತ್ತದೆ. ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ವರ್ಷ ಕೂಗುತ್ತದೆ. ಮಗಳು ಕಾಲೇಜಿಗೆ ಅಂತ ಊರು ಬಿಟ್ಟಮೇಲೆ ಕಾಳು ಹಾಕುವವರು ನೀವೇ.