ಸಹಾಯ ಬೇಕು: ಬೇಟೆಯಾಡಿದ ಟರ್ಕಿ ಕೋಳಿಯನ್ನು ಸ್ಟಫ್ ಮಾಡಿಸಲು (ಪ್ರದರ್ಶನಕ್ಕೆ ಇಡಲು) ಯಾವ ತೋಟೆ ಸರಿ?

ನಾನಿರುವುದು ಅಮೆರಿಕದ ಮಿಸ್ಸೌರಿಯಲ್ಲಿ. ಈ ವಸಂತದ ಸೀಸನ್‌ನಲ್ಲಿ ಮೊದಲ ಗಂಡು ಟರ್ಕಿ ಹೊಡೆದೆ. ಲೈಸೆನ್ಸ್ ಇದೆ, ಬೈಯಬೇಡಿ! 12 ಗೇಜ್ ಬಂದೂಕು, ಬಿಗಿ ಚೋಕ್ (ಚರೆ ಚದುರದಂತೆ ನಳಿಗೆಯ ತುದಿಯನ್ನು ಕಿರಿದಾಗಿಸುವ ಭಾಗ), 9ನೇ ನಂಬರ್ (ನಂಬರ್ ಹೆಚ್ಚಾದಷ್ಟೂ ಸಣ್ಣದು) ಟಂಗ್‌ಸ್ಟನ್ ಚರೆ (ತೋಟೆಯೊಳಗಿನ ಪುಟ್ಟ ಗುಂಡುಗಳು). ದೂರ ಬರೀ 15 ಗಜ. ಟಂಗ್‌ಸ್ಟನ್ ಸೀಸಕ್ಕಿಂತ ಭಾರ, ಚರೆ ಸಣ್ಣದಾದರೂ ಆಳಕ್ಕೆ ಇಳಿಯುತ್ತದೆ. ಒಂದೇ ತೋಟೆಯಲ್ಲಿ ನೂರಾರು ಚರೆ ಬೇರೆ. ತಲೆ, ಕುತ್ತಿಗೆಯ ಚರ್ಮ ಚಿಂದಿ, ಎದೆಯ ಮೇಲ್ಭಾಗದ ಗರಿಗಳೂ ತುಂಡಾಗಿವೆ.

ರಕ್ತ ತಣ್ಣೀರಿನಲ್ಲಿ ತೊಳೆದೆ, ಫ್ರೀಜರ್‌ನಲ್ಲಿಟ್ಟೆ. ಟ್ಯಾಕ್ಸಿಡರ್ಮಿಯವರು (ಸ್ಟಫ್ ಮಾಡಿಕೊಡುವವರು) ಅಸಲಿ ತಲೆ ಉಳಿಯಲ್ಲ, ಕೃತಕ ತಲೆ ಹಾಕಬೇಕು, ಗರಿ ರಿಪೇರಿಗೂ ಜಾಸ್ತಿ ದುಡ್ಡು ಅಂತಾರೆ. ತೋಟೆಯೇ ದುಬಾರಿ, ಮೇಲೆ ಇದು!

ತಪ್ಪು ತೋಟೆಯದ್ದಾ, ಹತ್ತಿರದಿಂದ ಹೊಡೆದದ್ದಾ? ಮುಂದಿನ ಸಲ ಟಂಗ್‌ಸ್ಟನ್ನೇ ಇಟ್ಟುಕೊಂಡು 30 ಗಜದಿಂದ ಹೊಡೆಯಲಾ, ಇಲ್ಲ 5ನೇ ನಂಬರ್ ಸೀಸಕ್ಕೆ ಹೋಗಲಾ? ಮಾಡಿಸಿದ ಅನುಭವ ಇದ್ದವರು ಹೇಳಿ.